ಝಿಪ್ ಮೇಲೆ ಕೋಬಾಲ್ ಬ್ಯಾಚ್ ಓಡಿಸ್ತೀವಿ ಅಂತಾರೆ. ಒಪ್ಪಬಹುದಾ?

#1 ಕಪಾಸಿಟಿ_ಕಾರಕೂನ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ತಾಳ್ಮೆ ಇರಲಿ.

ನಾನು ಐಬಿಎಂ ಮೇನ್‌ಫ್ರೇಮ್ (ದೊಡ್ಡ ಕಂಪ್ಯೂಟರ್) ಇರುವ ಒಂದು ಶಾಪ್‌ನಲ್ಲಿ ಕಪಾಸಿಟಿ ಪ್ಲಾನಿಂಗ್, ಅಂದರೆ ಕೆಲಸಕ್ಕೆ ಎಷ್ಟು ಮೆಷಿನ್ ಬೇಕು ಅನ್ನುವ ಲೆಕ್ಕ, ನೋಡಿಕೊಳ್ಳುತ್ತೇನೆ. ಕಳೆದ ವಾರ ಒಬ್ಬ ಕನ್ಸಲ್ಟೆಂಟ್ ಬಂದಿದ್ದರು. ಹೆಸರು ಬೇಡ. 30 ಸ್ಲೈಡ್ ತೋರಿಸಿದರು. 17ನೇ ಸ್ಲೈಡ್‌ನಲ್ಲಿ ಒಂದೇ ಸಾಲು ಇತ್ತು: "ನಿಮ್ಮ ಕೋಬಾಲ್ ಬ್ಯಾಚ್ ಅನ್ನು ಕೋಡ್ ಮುಟ್ಟದೆ ಝಿಪ್ ಮೇಲೆ ಓಡಿಸುತ್ತೇವೆ." ನಮ್ಮ ಮ್ಯಾನೇಜರ್ ಮಿಕ್ಕ 13 ಸ್ಲೈಡ್ ನೋಡಲೇ ಇಲ್ಲ.

ಕೋಬಾಲ್ ಬ್ಯಾಚ್ ಅಂದರೆ ಕೋಬಾಲ್ ಅನ್ನುವ ಹಳೇ ಭಾಷೆಯಲ್ಲಿ ಬರೆದ, ಸಾಲಾಗಿ ತಾವೇ ಓಡುವ ಪ್ರೋಗ್ರಾಂಗಳು. ಅವರ ಲೆಕ್ಕ ಇಷ್ಟೇ. ಮಾಮೂಲಿ ಸಿಪಿ (ಮೆಷಿನ್‌ನ ಸಾಮಾನ್ಯ ಪ್ರೊಸೆಸರ್) ಮೇಲೆ ಓಡಿದ್ದಕ್ಕೆ ಪ್ರತಿ ತಿಂಗಳು ಸಾಫ್ಟ್‌ವೇರ್ ಬಿಲ್ ಬರುತ್ತದೆ. ಝಿಪ್ (zIIP) ಅನ್ನುವ, ಕೆಲವು ಥರದ ಕೆಲಸಕ್ಕೆ ಮಾತ್ರ ಮೀಸಲಾದ ಪ್ರೊಸೆಸರ್ ಮೇಲೆ ಓಡಿದ್ದಕ್ಕೆ ಬರುವುದಿಲ್ಲ. ಹಾಗಾದರೆ ಎಲ್ಲವನ್ನೂ ಅಲ್ಲಿಗೇ ಸಾಗಿಸಿ!

ನನಗಿರುವ ಅನುಮಾನ ಎರಡು. ಇದು ತಾಂತ್ರಿಕವಾಗಿ ಆಗುವ ಮಾತಾ? ಆದರೂ ಲೈಸೆನ್ಸ್ ಒಪ್ಪುತ್ತದಾ? ಸೋಮವಾರದೊಳಗೆ ಮ್ಯಾನೇಜರ್‌ಗೆ ಉತ್ತರ ಕೊಡಬೇಕು.


#2 ಹೊಸಬ_23

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಈ ಕ್ಷೇತ್ರಕ್ಕೆ ಬಂದು ಒಂದು ವರ್ಷ ಆಯಿತು. ಝಿಪ್ ಅಂದರೆ ಬೇರೆ ಚಿಪ್ಪಾ? ಅದಕ್ಕೆ ಕೋಬಾಲ್ ಬರುವುದಿಲ್ಲವಾ?


#3 ಹಳೇ_ಅಸೆಂಬ್ಲರ್

ಬೇರೆ ಚಿಪ್ ಅಲ್ಲಪ್ಪ. ಅದೇ ಸಿಲಿಕಾನ್, ಅದೇ ಇನ್‌ಸ್ಟ್ರಕ್ಷನ್‌ಗಳು. ಮೆಷಿನ್ ಒಳಗಿನ ಪ್ರತಿ ಕೋರ್‌ಗೂ ಮೈಕ್ರೋಕೋಡ್ (ಮೆಷಿನ್ ಒಳಗೇ ಕೂತಿರುವ ಸಾಫ್ಟ್‌ವೇರ್) ಒಂದು ವೇಷ ಹಾಕುತ್ತದೆ. ನೀನು ಸಿಪಿ, ನೀನು ಐಎಫ್‌ಎಲ್, ನೀನು ಝಿಪ್ ಅಂತ. 2000ದ ಹೊತ್ತಿಗೆ ಲಿನಕ್ಸ್‌ಗಾಗಿ ಐಎಫ್‌ಎಲ್ ಬಂತು. 2004ರಲ್ಲಿ ಜಾವಾಗಾಗಿ ಝ್ಯಾಪ್. 2006ರಲ್ಲಿ ಡಿಬಿ2 ಡೇಟಾಬೇಸ್ ಕೆಲಸಕ್ಕೆ ಅಂತ ಝಿಪ್. ಆಗ ಒಂದು ಝಿಪ್‌ಗೆ ಅಮೆರಿಕದ ಪಟ್ಟಿ ಬೆಲೆ 1,25,000 ಡಾಲರ್. ಮಾಮೂಲಿ ಸಿಪಿ ಮುಂದೆ ಅದು ಪುಡಿಗಾಸು.

ಇನ್ನೊಂದು ತಮಾಷೆ. ಕಡಿಮೆ ದುಡ್ಡಿನ ಮಾಡೆಲ್ ತಗೊಂಡರೆ ಸಿಪಿಯ ವೇಗಕ್ಕೆ ಕಡಿವಾಣ ಹಾಕಿರುತ್ತಾರೆ. ಝಿಪ್‌ಗೆ ಆ ಕಡಿವಾಣ ಇಲ್ಲ. ಅದು ಯಾವಾಗಲೂ ಪೂರ್ತಿ ವೇಗದಲ್ಲೇ ಓಡುತ್ತದೆ. ಅಂದರೆ ಅಗ್ಗದ ಎಂಜಿನ್ನೇ ಜಾಸ್ತಿ ವೇಗದ್ದು.

ಅಗ್ಗ ಯಾಕೆ ಅಂದರೆ, ಹೊಸ ಥರದ ಕೆಲಸಗಳು ಮೇನ್‌ಫ್ರೇಮ್ ಬಿಟ್ಟು ಸರ್ವರ್ ಕಡೆ ಓಡಿಹೋಗುತ್ತಿದ್ದವು. ಅವನ್ನು ಹಿಡಿದಿಟ್ಟುಕೊಳ್ಳಲು ಈ ರಿಯಾಯಿತಿ. ನಿನ್ನ ಹಳೇ ಕೋಬಾಲ್ ಎಲ್ಲಿಗೂ ಓಡಿಹೋಗುವುದಿಲ್ಲ ಅಂತ ಐಬಿಎಂಗೆ ಗೊತ್ತು. ಅದಕ್ಕೆ ಯಾಕೆ ರಿಯಾಯಿತಿ ಕೊಡುತ್ತಾರೆ?


#4 ಹೊಸಬ_23

ಅರ್ಥ ಆಯಿತು ಸರ್. ಆದರೆ ದುಡ್ಡು ಕೊಟ್ಟು ಕೊಂಡ ಮೆಷಿನ್ ನನ್ನದೇ ಅಲ್ವಾ? ನನ್ನ ಮೆಷಿನ್ ಮೇಲೆ ನಾನು ಏನು ಬೇಕಾದರೂ ಓಡಿಸಿಕೊಳ್ಳುತ್ತೇನೆ. ಅವರದೇನು ತಕರಾರು?


#5 ಒಪ್ಪಂದ_ಓದುಗ

ಇದೇ ಮಾತನ್ನು ಒಂದು ಕಂಪನಿ ಕೋರ್ಟ್‌ನಲ್ಲಿ ಹೇಳಿತ್ತು. ಆ ಕಥೆ ಗೊತ್ತಿಲ್ಲದೆ 17ನೇ ಸ್ಲೈಡ್‌ಗೆ ಉತ್ತರ ಕೊಡಲು ಆಗುವುದಿಲ್ಲ, ಹಾಗಾಗಿ ಹೇಳಿಬಿಡುತ್ತೇನೆ.

2009ರ ಜೂನ್ ಕೊನೆಗೆ ಅಮೆರಿಕದ ಟೆಕ್ಸಸ್‌ನ ನಿಯಾನ್ ಎಂಟರ್‌ಪ್ರೈಸ್ ಸಾಫ್ಟ್‌ವೇರ್ ಅನ್ನುವ ಕಂಪನಿ ಝಡ್‌ಪ್ರೈಮ್ ಅನ್ನುವ ಸಾಫ್ಟ್‌ವೇರ್ ಬಿಟ್ಟಿತು. ಐಎಂಎಸ್, ಸಿಐಸಿಎಸ್, ಡಿಬಿ2, ಟಿಎಸ್‌ಒ, ಬ್ಯಾಚ್, ಹೀಗೆ ಮೇನ್‌ಫ್ರೇಮ್‌ನ ಮಾಮೂಲಿ ಕೆಲಸಗಳೆಲ್ಲವನ್ನೂ ಝಿಪ್ ಮತ್ತು ಝ್ಯಾಪ್ ಮೇಲೆ ಓಡಿಸುತ್ತೇವೆ ಅಂದಿತು. ನಿಮ್ಮ ಕನ್ಸಲ್ಟೆಂಟ್ ಹೇಳಿದ್ದೂ ಅದೇ, ಅಲ್ವಾ?

ಐಬಿಎಂ ಸುಮ್ಮನಿರಲಿಲ್ಲ. ಇದನ್ನು ಹಾಕಿಕೊಂಡರೆ ಒಪ್ಪಂದ ಮುರಿದಂತೆ ಆಗಬಹುದು ಅಂತ ಗ್ರಾಹಕರನ್ನು ಎಚ್ಚರಿಸಿತು. ಕೊಳ್ಳಲು ಬಂದವರು ಹಿಂದೆ ಸರಿದರು. 2009ರ ಡಿಸೆಂಬರ್‌ನಲ್ಲಿ ನಿಯಾನ್ ಟೆಕ್ಸಸ್‌ನ ಫೆಡರಲ್ ಕೋರ್ಟ್‌ಗೆ ಹೋಯಿತು. ನಮ್ಮ ಗ್ರಾಹಕರನ್ನು ಹೆದರಿಸಿ ವ್ಯಾಪಾರ ಕೆಡಿಸುತ್ತಿದ್ದಾರೆ ಅನ್ನುವುದು ಅದರ ದೂರು. 2010ರ ಜನವರಿಯಲ್ಲಿ ಐಬಿಎಂ ಪ್ರತಿದಾವೆ ಹಾಕಿತು. ಅದರಲ್ಲಿ ಒಂದು ಹೋಲಿಕೆ ಇತ್ತು: ದುಡ್ಡು ಕೊಟ್ಟರೆ ಕೇಬಲ್ ಡಬ್ಬಿಯನ್ನು ತಿದ್ದಿ ಪೇ ಚಾನೆಲ್‌ಗಳನ್ನು ಬಿಟ್ಟಿ ತೋರಿಸುವ ಮೋಸದ ಮೆಕ್ಯಾನಿಕ್ ಥರ ಇವರು ಅಂತ. ಹೋಲಿಕೆ ಚುರುಕಾಗಿತ್ತು, ಒಪ್ಪಬೇಕು.

2011ರ ಮೇ ಕೊನೆಗೆ ಎಲ್ಲ ಮುಗಿಯಿತು. ನಿಯಾನ್ ತನ್ನ ದಾವೆ ಬಿಟ್ಟುಕೊಟ್ಟಿತು. ಝಡ್‌ಪ್ರೈಮ್ ಮಾರಬಾರದು ಅಂತ ಕಾಯಂ ತಡೆಯಾಜ್ಞೆಗೆ ಒಪ್ಪಿತು. ಹಾಕಿಕೊಂಡಿದ್ದ ಗ್ರಾಹಕರಿಗೆ ತೆಗೆದುಹಾಕಿ ಅಂತ ಹೇಳಬೇಕಾಯಿತು.

ಈಗ ಹೊಸಬರ ಮಾತಿಗೆ ಬರುತ್ತೇನೆ. ಮೆಷಿನ್ ನಿಮ್ಮದು ನಿಜ. ಆದರೆ ಅದರೊಳಗಿನ ಮೈಕ್ರೋಕೋಡ್ ನಿಮ್ಮದಲ್ಲ. ಅದಕ್ಕೆ ಲೈಸೆನ್ಸ್ಡ್ ಇಂಟರ್ನಲ್ ಕೋಡ್ ಅಂತಾರೆ. ಹೆಸರಲ್ಲೇ ಇದೆ ನೋಡಿ, ಲೈಸೆನ್ಸ್ಡ್. ಕಬ್ಬಿಣ ಕೊಂಡಿದ್ದೀರಿ, ಜೀವ ಬಾಡಿಗೆಗೆ ತಗೊಂಡಿದ್ದೀರಿ. ಯಾವ ಎಂಜಿನ್ ಮೇಲೆ ಯಾವ ಕೆಲಸ ಓಡಿಸಬಹುದು ಅಂತ ಹೇಳುವ ಆಥರೈಸ್ಡ್ ಯೂಸ್ ಟೇಬಲ್ ಅನ್ನುವ ಪಟ್ಟಿಯೂ ಒಂದಿದೆ.


#6 ರಾತ್ರಿ_ಬ್ಯಾಚ್

ಅಂದರೆ ಐಬಿಎಂ ಗೆದ್ದಿತು. ಕಾರಕೂನರೇ, ಉತ್ತರ ಸಿಕ್ಕಿತಲ್ಲ.


#7 ಒಪ್ಪಂದ_ಓದುಗ

ಗೆದ್ದಿತು ಅನ್ನಬೇಡಿ. ಎಲ್ಲರೂ ಎಡವುವುದು ಇಲ್ಲೇ.

ಅದು ರಾಜಿ. ಗ್ರಾಹಕ ತಾನು ಕೊಂಡ ಝಿಪ್ ಮೇಲೆ ಕೋಬಾಲ್ ಓಡಿಸಿದರೆ ತಪ್ಪಾ ಅಲ್ಲವಾ ಅನ್ನುವ ಪ್ರಶ್ನೆಗೆ ಅಲ್ಲಿ ತೀರ್ಪು ಬರಲೇ ಇಲ್ಲ. ಒಪ್ಪಂದದಲ್ಲಿ ಇಂಥ ಕೆಲಸವನ್ನು ಇಂಥ ಎಂಜಿನ್ ಮೇಲೆ ಓಡಿಸಬಾರದು ಅಂತ ಎಲ್ಲಿದೆ ತೋರಿಸಿ ಅಂತ ನಿಯಾನ್ ಕೇಳಿತ್ತು. ಅದು ಪೆದ್ದು ಪ್ರಶ್ನೆ ಆಗಿರಲಿಲ್ಲ. ಆ ಕಾಲದ ಗ್ರಾಹಕ ಒಪ್ಪಂದಗಳನ್ನು ಓದಿದರೆ ನನಗೂ ಆ ಪ್ರಶ್ನೆ ಬರುತ್ತದೆ. ಅದಕ್ಕೆ ನ್ಯಾಯಾಧೀಶರು ಉತ್ತರ ಕೊಡುವ ಮೊದಲೇ ಬಾಗಿಲು ಮುಚ್ಚಿತು.

ಹಾಗಂತ ಈಗ ಧೈರ್ಯ ಮಾಡಬಹುದು ಅಂತ ಅಲ್ಲ. ನಿಮ್ಮ ಇವತ್ತಿನ ಒಪ್ಪಂದ, ಅದಕ್ಕೆ ಅಂಟಿಸಿದ ಕಾಗದಗಳು, ಮೆಷಿನ್ ಕೊಂಡಾಗ ಸಹಿ ಹಾಕಿದ ಪುಟಗಳು, ಇವನ್ನು ನಿಮ್ಮ ವಕೀಲರು ಓದಬೇಕು. ಹಳೇ ಕೇಸ್ ಎರಡೂ ಕಡೆಗೆ ಆಸರೆ ಆಗುವುದಿಲ್ಲ.


#8 ಹೊಸಬ_23

ಇನ್ನೊಂದು ಕಡೆ ಓದಿದೆ. ಇದೇ ವಿಷಯಕ್ಕೆ ಯುರೋಪ್‌ನಲ್ಲಿ ಐಬಿಎಂ ಮೇಲೆ ತನಿಖೆ ಆಯಿತಂತೆ?


#9 ಒಪ್ಪಂದ_ಓದುಗ

ಬೆರೆಸಬೇಡಿ. 2010ರ ಜುಲೈನಲ್ಲಿ ಯುರೋಪಿಯನ್ ಕಮಿಷನ್ ಎರಡು ತನಿಖೆ ಶುರುಮಾಡಿದ್ದು ನಿಜ. ಒಂದು ಮೇನ್‌ಫ್ರೇಮ್ ಹಾರ್ಡ್‌ವೇರ್ ಮತ್ತು ಆಪರೇಟಿಂಗ್ ಸಿಸ್ಟಮ್ ಅನ್ನು ಒಟ್ಟಿಗೆ ಕಟ್ಟಿ ಮಾರುವ ಬಗ್ಗೆ. ಎಮ್ಯುಲೇಟರ್ ಮಾಡುವವರ ದೂರು ಅದರ ಹಿಂದೆ ಇತ್ತು. ಇನ್ನೊಂದು ರಿಪೇರಿ ಮತ್ತು ಬಿಡಿಭಾಗಗಳ ಬಗ್ಗೆ. ಝಿಪ್ ಮೇಲೆ ಏನು ಓಡಬೇಕು ಅನ್ನುವುದು ಆ ತನಿಖೆಗಳ ಮುಖ್ಯ ವಿಷಯ ಆಗಿರಲಿಲ್ಲ.


#10 ಹಳೇ_ಅಸೆಂಬ್ಲರ್

ಕಾನೂನು ಅವರು ನೋಡಿಕೊಳ್ಳಲಿ. ನನಗೆ "ಕೋಡ್ ಮುಟ್ಟದೆ" ಅನ್ನುವ ಮಾತಿನ ಮೇಲೆ ಕಣ್ಣು.

ಝಿಪ್ ಮೇಲೆ ಹೋಗುವ ದಾರಿ ಯಾವುದು? ಮುಖ್ಯ ದಾರಿ ಎನ್‌ಕ್ಲೇವ್ ಎಸ್‌ಆರ್‌ಬಿ. ಮಾಮೂಲಿ ಪ್ರೋಗ್ರಾಂ ಓಡುವುದು ಟಿಸಿಬಿ ಕೆಳಗೆ, ಅದು ಎಲ್ಲರ ಮಾಮೂಲಿ ಗಾಡಿ. ಎಸ್‌ಆರ್‌ಬಿ ಅಂದರೆ ಸಿಸ್ಟಮ್‌ನವರು ತಮಗಾಗಿ ಮಾಡಿಕೊಂಡ ಹಗುರ ಗಾಡಿ. ಈ ಕೆಲಸವನ್ನು ಇಷ್ಟು ಪಾಲು ಝಿಪ್‌ಗೆ ಕಳಿಸಬಹುದು ಅಂತ ವರ್ಕ್‌ಲೋಡ್ ಮ್ಯಾನೇಜರ್‌ಗೆ (ಕೆಲಸ ಹಂಚುವ ಸಿಸ್ಟಮ್ ಭಾಗಕ್ಕೆ) ಹೇಳುವ ಸರ್ವಿಸ್ ಇದೆ. ಅದನ್ನು ಐಬಿಎಂ ಬೇರೆ ಸಾಫ್ಟ್‌ವೇರ್ ಕಂಪನಿಗಳಿಗೂ ಕೊಡುತ್ತದೆ, ಆದರೆ ಕಾಗದಕ್ಕೆ ಸಹಿ ಹಾಕಿಸಿಕೊಂಡು. ಮಾನಿಟರ್, ಡೇಟಾ ಸಾಗಿಸುವ ಟೂಲ್, ಇಂಥವೆಲ್ಲ ಝಿಪ್ ಬಳಸುವುದು ಈ ದಾರಿಯಲ್ಲೇ.

ಎಸ್‌ಆರ್‌ಬಿಯಲ್ಲಿ ಒಂದು ಕಟ್ಟಳೆ ಇದೆ. ಎಸ್‌ವಿಸಿ ಅಂದರೆ ಪ್ರೋಗ್ರಾಂ ಸಿಸ್ಟಮ್‌ನ ಸಹಾಯ ಕೇಳುವ ಕರೆ. ಅಬೆಂಡ್‌ನ (ಕೆಲಸ ಅರ್ಧಕ್ಕೇ ನಿಲ್ಲಿಸುವ) ಎಸ್‌ವಿಸಿ 13 ಬಿಟ್ಟರೆ ಬೇರೆ ಎಸ್‌ವಿಸಿ ಕರೆಯುವ ಹಾಗಿಲ್ಲ. ನಿಮ್ಮ ಕೋಬಾಲ್ ಫೈಲ್ ತೆರೆದರೆ ಎಸ್‌ವಿಸಿ 19. ಮುಚ್ಚಿದರೆ 20. ಡಿಸ್ಕ್‌ಗೆ ಐ/ಓ ಕೊಟ್ಟರೆ ಎಸ್‌ವಿಸಿ 0. ಹಾಗಾದರೆ ಆ ಟೂಲ್ ಏನು ಮಾಡಬೇಕು? ಪ್ರೋಗ್ರಾಂ ಅನ್ನು ಎಸ್‌ಆರ್‌ಬಿಗೆ ಹತ್ತಿಸಬೇಕು. ಎಸ್‌ವಿಸಿ ಬಂದಾಗ ಹಿಡಿದು ಟಿಸಿಬಿಗೆ ಇಳಿಸಬೇಕು. ಕೆಲಸ ಮುಗಿದ ಮೇಲೆ ಮತ್ತೆ ಹತ್ತಿಸಬೇಕು. ಒಂದೊಂದು ಸಲ ಹತ್ತಿ ಇಳಿದಾಗಲೂ ಸಿಪಿ ಖರ್ಚು. ಫೈಲ್ ಓದುವುದೇ ಜಾಸ್ತಿ ಇರುವ ಬ್ಯಾಚ್‌ನಲ್ಲಿ ಹತ್ತುವುದು ಇಳಿಯುವುದರಲ್ಲೇ ಲಾಭ ಕರಗುತ್ತದೆ. ಕೂಡು ಕಳೆ ಗುಣಿಸು ಅಂತ ಲೆಕ್ಕವೇ ಜಾಸ್ತಿ ಇರುವ ಪ್ರೋಗ್ರಾಂ ಆದರೆ ಲಾಭ ಇದೆ.

ಎಸ್‌ವಿಸಿ ಹಿಡಿಯುವುದು ಅಂದರೆ ಸಿಸ್ಟಮ್‌ನ ಹೊಟ್ಟೆಯೊಳಗೆ ಕೈ ಹಾಕಿದ ಹಾಗೆ. ಮುಂದಿನ ಝಡ್/ಓಎಸ್ (ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಮ್) ರಿಲೀಸ್‌ನಲ್ಲಿ ಅದು ನಿಲ್ಲುತ್ತದೆ ಅನ್ನುವ ಖಾತ್ರಿ ಯಾರು ಕೊಡುತ್ತಾರೆ? ರಾತ್ರಿ 3 ಗಂಟೆಗೆ ಡಂಪ್ (ಕೆಟ್ಟ ಹೊತ್ತಿನ ಮೆಮೊರಿಯ ಪ್ರತಿ) ತಗೊಂಡು ಐಬಿಎಂ ಸಪೋರ್ಟ್‌ಗೆ ಕಳಿಸಿದರೆ, ಆ ಟೂಲ್ ತೆಗೆದು ಮತ್ತೆ ಮಾಡಿ ತೋರಿಸಿ ಅಂತಾರೆ. ಅದು ಅವರ ತಪ್ಪೂ ಅಲ್ಲ.


#11 ರಾತ್ರಿ_ಬ್ಯಾಚ್

ಹೊಸಬರ ಮೆಷಿನ್ ನನ್ನದು ವಾದಕ್ಕೆ ನನ್ನದೊಂದು. ವಿದ್ಯಾರ್ಥಿ ಪಾಸ್ ತಗೊಂಡು ಇಡೀ ಮನೆಯವರು ಓಡಾಡಿದರೆ ಕಂಡಕ್ಟರ್ ಬಿಡುತ್ತಾನಾ? ಸೀಟು ಅದೇ, ಬಸ್ಸು ಅದೇ. ರಿಯಾಯಿತಿ ಸೀಟಿಗಲ್ಲ, ಕೂರುವವರಿಗೆ.


#12 ಹೊಸಬ_23

ಆದರೆ ಇಲ್ಲಿ ನಾನು ಕೊಂಡಿದ್ದು ಟಿಕೆಟ್ ಅಲ್ಲ ಅಣ್ಣ, ಬಸ್ಸನ್ನೇ!


#13 ಹಳೇ_ಅಸೆಂಬ್ಲರ್

ಬಸ್ಸು ನಿನ್ನದು, ಡ್ರೈವರ್ ಅವರವನು. ಆಯಿತಾ? ಈ ಹೋಲಿಕೆ ಇಲ್ಲಿಗೆ ಸಾಕು.

ಹೋಲಿಕೆ ಬಿಟ್ಟು ಹೇಳುತ್ತೇನೆ, ಹುಡುಗನ ಮಾತಿನಲ್ಲಿ ಹುರುಳಿದೆ. 2019ರಲ್ಲಿ ಝಡ್15 ಮೆಷಿನ್ ಜೊತೆ ಸಿಸ್ಟಮ್ ರಿಕವರಿ ಬೂಸ್ಟ್ ಅಂತ ಬಂತು. ಮೆಷಿನ್ ಮತ್ತೆ ಎಬ್ಬಿಸಿದಾಗ ಬೇಗ ಚೇತರಿಸಿಕೊಳ್ಳಲಿ ಅಂತ. ಐಪಿಎಲ್ (ಸಿಸ್ಟಮ್ ಶುರುಮಾಡುವುದು) ಆದ ಮೇಲೆ 60 ನಿಮಿಷದವರೆಗೆ ಮಾಮೂಲಿ ಸಿಪಿ ಕೆಲಸವೂ ಝಿಪ್ ಮೇಲೆ ಓಡುತ್ತದೆ. ಮುಚ್ಚುವಾಗ 30 ನಿಮಿಷ. ನಿನ್ನ ಕೋಬಾಲ್, ನಿನ್ನ ಸಿಐಸಿಎಸ್, ಎಲ್ಲವೂ. ಕೋಡ್ ಮುಟ್ಟದೆ!

ಅಂದರೆ ಆಗುವುದಿಲ್ಲ ಅನ್ನುವ ಮಾತು ಸುಳ್ಳು. 61ನೇ ನಿಮಿಷಕ್ಕೆ ಸಿಲಿಕಾನ್ ಏನೂ ಬದಲಾಗುವುದಿಲ್ಲ. ಬದಲಾಗುವುದು ಅನುಮತಿ ಅಷ್ಟೇ. ಇದನ್ನು ನೋಡಿದ ದಿನ ನಾನು ಒಬ್ಬನೇ ಕೂತು ನಕ್ಕೆ.


#14 ಒಪ್ಪಂದ_ಓದುಗ

ಗೆರೆ ಎಳೆದವರೇ ಗೆರೆ ಸರಿಸುತ್ತಾರೆ ಅನ್ನುವುದಕ್ಕೆ ಇನ್ನೊಂದು ಸಾಕ್ಷಿ ಇದೆ. 2009ರಲ್ಲೇ, ಝಡ್/ಓಎಸ್ 1.11ರಲ್ಲಿ, ಝ್ಯಾಪ್‌ಗೆ ಮೀಸಲಾದ ಕೆಲಸವನ್ನು ಝಿಪ್ ಮೇಲೆ ಓಡಿಸಲು ಬಿಟ್ಟರು. ಆಗ ಒಂದು ಷರತ್ತು ಇತ್ತು, ಮೆಷಿನ್‌ನಲ್ಲಿ ಝ್ಯಾಪ್ ಇರಬಾರದು ಅಂತ. ಝಡ್13 ಬಂದಾಗ ಝ್ಯಾಪ್ ಅನ್ನುವ ಎಂಜಿನ್ನೇ ಇಲ್ಲವಾಯಿತು. ಒಂದು ಸಿಪಿಗೆ ಒಂದೇ ಝಿಪ್ ಅನ್ನುವ ಮಿತಿಯನ್ನೂ 2013ರಲ್ಲಿ ಎರಡಕ್ಕೆ ಏರಿಸಿದರು. 2019ರಲ್ಲಿ ಝಡ್/ಓಎಸ್ 2.4 ಜೊತೆ ಲಿನಕ್ಸ್ ಕಂಟೇನರ್‌ಗಳೂ ಝಿಪ್ ಮೇಲೆ ಬಂದವು.

ಗಮನಿಸಿ, ಪ್ರತಿ ಸಲವೂ ಗೆರೆ ಹೊಸ ಕೆಲಸದ ಕಡೆಗೇ ಸರಿಯಿತು. ಜಾವಾ, ಪೈಥಾನ್, ಕಂಟೇನರ್. ಕೋಬಾಲ್ ಕಡೆಗೆ ಒಂದು ಹೆಜ್ಜೆಯೂ ಇಲ್ಲ. ನನಗೆ ಇದು ನ್ಯಾಯ ಅನ್ನಿಸುತ್ತದಾ? ಇಲ್ಲ. ಗ್ರಾಹಕರನ್ನು ಕಟ್ಟಿಹಾಕುವ ಬೆಲೆ ಪಟ್ಟಿ ಇದು. ಆದರೆ ಅನ್ಯಾಯದ ಬೆಲೆ ಅನ್ನಿಸಿದ ಮಾತ್ರಕ್ಕೆ ನಾವು ಹಾಕಿದ ಸಹಿ ಅಳಿಸಿಹೋಗುವುದಿಲ್ಲ.


#15 ಕಪಾಸಿಟಿ_ಕಾರಕೂನ

ಎಲ್ಲರಿಗೂ ವಂದನೆ. ಮ್ಯಾನೇಜರ್‌ಗೆ ಇಷ್ಟನ್ನು ಹೇಳಿದೆ. ಅವರು ಕೇಳಿದ ಪ್ರಶ್ನೆ ಒಂದೇ: "ಯಾರಿಗೆ ಗೊತ್ತಾಗುತ್ತೆ?"


#16 ರಾತ್ರಿ_ಬ್ಯಾಚ್

ಎಸ್‌ಎಂಎಫ್‌ಗೆ ಗೊತ್ತಾಗುತ್ತೆ ಅಂತ ಹೇಳಿ.

ಎಸ್‌ಎಂಎಫ್ ಅಂದರೆ ಸಿಸ್ಟಮ್ ತಾನೇ ಬರೆದಿಡುವ ಬಳಕೆಯ ಲೆಕ್ಕ. ಪ್ರತಿ ಜಾಬ್ ಮುಗಿದಾಗ ಎಸ್‌ಎಂಎಫ್ 30 ರೆಕಾರ್ಡ್ ಬೀಳುತ್ತದೆ. ಸಿಪಿ ಮೇಲೆ ಎಷ್ಟು ಹೊತ್ತು, ಝಿಪ್ ಮೇಲೆ ಎಷ್ಟು ಹೊತ್ತು, ಝಿಪ್‌ಗೆ ಹೋಗಬಹುದಾಗಿದ್ದರೂ ಸಿಪಿ ಮೇಲೇ ಓಡಿದ್ದು ಎಷ್ಟು, ಮೂರೂ ಅದರಲ್ಲಿ ಇರುತ್ತವೆ. ಬಿಲ್‌ಗೆ ಆಧಾರವಾದ ಎಸ್‌ಸಿಆರ್‌ಟಿ ರಿಪೋರ್ಟ್ ಕೂಡ ಎಸ್‌ಎಂಎಫ್‌ನಿಂದಲೇ ಹುಟ್ಟುತ್ತದೆ. ಹೋದ ತಿಂಗಳು ಇದ್ದ ಎಂಎಸ್‌ಯು (ಬಿಲ್‌ಗೆ ಬಳಸುವ ಅಳತೆ) ಈ ತಿಂಗಳು ದಿಢೀರ್ ಅಂತ ಬಿದ್ದರೆ ಕೇಳುವುದಿಲ್ಲವಾ?

ಆದರೆ ಝಿಪ್ ಸಮಯ ಕಂಡ ಮಾತ್ರಕ್ಕೆ ಕಳ್ಳತನ ಅಂತಲೂ ಅಲ್ಲ. ಇದನ್ನು ನಾನು ಅನುಭವಿಸಿದ್ದೇನೆ. ನಮ್ಮ ಕಡೆ ಒಳಗಿನ ಆಡಿಟ್ ನಡೆದಿತ್ತು. ಆಡಿಟರ್ ಒಬ್ಬರು ಎಸ್‌ಎಂಎಫ್ ಪಟ್ಟಿ ಹಿಡಿದು ನನ್ನ ಟೇಬಲ್ ಹತ್ತಿರ ಬಂದರು. ಒಂದು ಸಾಲಿಗೆ ಹಳದಿ ಬಳಿದಿದ್ದರು. "ಇದು ಕೋಬಾಲ್ ಪ್ರೋಗ್ರಾಂ. ಡಿಬಿ2 ಇಲ್ಲ. ಜಾವಾ ಇಲ್ಲ. ಝಿಪ್ ಸಮಯ ಎಲ್ಲಿಂದ ಬಂತು?"

ನನಗೂ ಗೊತ್ತಿರಲಿಲ್ಲ. ಬೆವರು ಇಳಿಯಿತು. ಯಾರಾದರೂ ಏನಾದರೂ ಟೂಲ್ ತೂರಿಸಿದ್ದಾರಾ ಅಂತ ಲಿಂಕ್‌ಲಿಸ್ಟ್ (ಸಿಸ್ಟಮ್ ಪ್ರೋಗ್ರಾಂ ಹುಡುಕುವ ಲೈಬ್ರರಿಗಳ ಪಟ್ಟಿ) ಎಲ್ಲ ಜಾಲಾಡಿದೆ. ಎರಡು ದಿನ ಹೋಯಿತು. ಕೊನೆಗೆ ಕಂಪೈಲ್ ಲಿಸ್ಟಿಂಗ್ ತೆಗೆದು ನೋಡಿದರೆ ಒಂದು ಆಪ್ಷನ್ ಇತ್ತು: ಎಕ್ಸ್‌ಎಂಎಲ್‌ಪಾರ್ಸ್, ಆವರಣದಲ್ಲಿ ಎಕ್ಸ್‌ಎಂಎಲ್‌ಎಸ್‌ಎಸ್. ಆ ಪ್ರೋಗ್ರಾಂ ಎಕ್ಸ್‌ಎಂಎಲ್ ಫೈಲ್ ಓದುತ್ತದೆ. ಈ ಆಪ್ಷನ್ ಇದ್ದರೆ ಪಾರ್ಸ್ ಮಾಡುವ (ಬಿಡಿಸಿ ಓದುವ) ಕೆಲಸವನ್ನು ಝಡ್/ಓಎಸ್‌ನ ಎಕ್ಸ್‌ಎಂಎಲ್ ಸಿಸ್ಟಮ್ ಸರ್ವಿಸಸ್ ಮಾಡುತ್ತದೆ. ಅದು ಝಿಪ್‌ಗೆ ಅರ್ಹ ಕೆಲಸ. ಐಬಿಎಂ ತಾನೇ ಕೊಟ್ಟ ದಾರಿ. ನಾನು ಲಿಸ್ಟಿಂಗ್‌ನ ಆ ಪುಟ ಮುದ್ರಿಸಿ ಹಳದಿ ಸಾಲಿನ ಪಕ್ಕ ಪಿನ್ ಮಾಡಿ ಕೊಟ್ಟೆ.

ಹಾಗಾಗಿ ನಿಮ್ಮ ಮ್ಯಾನೇಜರ್‌ಗೆ ಹೇಳಿ. ನ್ಯಾಯವಾಗಿ ಓಡಿದ್ದಕ್ಕೇ ಇಷ್ಟು ವಿವರಣೆ ಕೊಡಬೇಕಾಯಿತು. ಇಲ್ಲದಿದ್ದರೆ ಏನು ಪಿನ್ ಮಾಡುತ್ತಿದ್ದೆ?


#17 ಹೊಸಬ_23

ರಾತ್ರಿ ಅಣ್ಣ, ಒಂದು ಡೌಟು. ಎಸ್‌ಎಂಎಫ್ 30ರ ಝಿಪ್ ಸಮಯ ಮತ್ತು ಸಿಪಿ ಸಮಯ ಸುಮ್ನೆ ಕೂಡಿಸಿಬಿಡಬಹುದಾ?


#18 ರಾತ್ರಿ_ಬ್ಯಾಚ್

ಕೂಡಬಾರದು. ಹಳೇ ಅಣ್ಣ ಹೇಳಿದರಲ್ಲ, ಸಿಪಿಗೆ ಕಡಿವಾಣ ಇದ್ದರೆ ಎರಡರ ವೇಗ ಬೇರೆ. ಅದೇ ರೆಕಾರ್ಡ್‌ನಲ್ಲಿ ನಾರ್ಮಲೈಸೇಷನ್ ಫ್ಯಾಕ್ಟರ್ ಇರುತ್ತದೆ. ಝಿಪ್ ಸಮಯವನ್ನು ಅದರಿಂದ ಗುಣಿಸಿ 256ರಿಂದ ಭಾಗಿಸು. ಆಗ ಸಿಪಿ ಮೇಲೆ ಎಷ್ಟು ಆಗುತ್ತಿತ್ತು ಅನ್ನುವುದು ಬರುತ್ತದೆ. ಎರಡೂ ಒಂದೇ ವೇಗ ಇದ್ದರೆ ಫ್ಯಾಕ್ಟರ್ 256 ಆಗಿಯೇ ಇರುತ್ತದೆ. ಇದನ್ನು ಮರೆತು ಎಷ್ಟೋ ಜನ ತಪ್ಪು ಗ್ರಾಫ್ ತೋರಿಸಿದ್ದಾರೆ. ನಾನೂ ಸೇರಿ.


#19 ಡಿಬಿಟೂ_ಅಕ್ಕ

ತಡವಾಗಿ ಬಂದೆ. ಎಲ್ಲರೂ ಕೇಸಿನ ಹಿಂದೆ ಬಿದ್ದಿದ್ದೀರಿ. ಕಾರಕೂನರೇ, ನನ್ನ ಮೂರು ಪ್ರಶ್ನೆಗೆ ಉತ್ತರ ಕೊಡಿ.

ನಿಮ್ಮದು ಹಳೇ ಬಿಲ್ ಪದ್ಧತಿಯಾ, ಅಂದರೆ 4 ಗಂಟೆಯ ರೋಲಿಂಗ್ ಆವರೇಜ್? ಹಾಗಿದ್ದರೆ ತಿಂಗಳಲ್ಲಿ ನಿಮ್ಮ ಪೀಕ್ ಯಾವ ದಿನ, ಯಾವ ಹೊತ್ತು? ಮತ್ತೆ, ನಿಮ್ಮಲ್ಲಿ ಈಗಿರುವ ಝಿಪ್ ಎಷ್ಟು, ಅದು ಎಷ್ಟು ತುಂಬಿದೆ?


#20 ಕಪಾಸಿಟಿ_ಕಾರಕೂನ

ಹೌದು ಅಕ್ಕ, ರೋಲಿಂಗ್ ಆವರೇಜ್. ಝಿಪ್ ಒಂದೇ ಇದೆ. ಪೀಕ್ ರಾತ್ರಿ ಬ್ಯಾಚ್‌ನಲ್ಲೇ ಇರಬೇಕು. ಎಸ್‌ಸಿಆರ್‌ಟಿ ತೆಗೆದು ನೋಡಿ ಹೇಳುತ್ತೇನೆ.


#21 ಡಿಬಿಟೂ_ಅಕ್ಕ

"ಇರಬೇಕು" ಅನ್ನುವ ಪದದ ಮೇಲೆ ಎಷ್ಟು ದುಡ್ಡು ಹೋಗಿದೆಯೋ ಲೆಕ್ಕ ಇಟ್ಟವರಿಲ್ಲ.

ಹೊಸಬರಿಗಾಗಿ ಹೇಳುತ್ತೇನೆ. ಈ ಪದ್ಧತಿಯಲ್ಲಿ ತಿಂಗಳಿಡೀ ಓಡಿದ್ದಕ್ಕೆಲ್ಲ ಬಿಲ್ ಅಲ್ಲ. 2ನೇ ತಾರೀಕಿನಿಂದ ಮುಂದಿನ ತಿಂಗಳ 1ರವರೆಗೆ, ಆ ಸಾಫ್ಟ್‌ವೇರ್ ಇರುವ ಎಲ್‌ಪಾರ್‌ಗಳ (ಒಂದೇ ಮೆಷಿನ್ ಅನ್ನು ಹಂಚಿ ಮಾಡಿದ ಪಾಲುಗಳ) 4 ಗಂಟೆಯ ಸರಾಸರಿ ಎಲ್ಲಿ ಅತಿ ಎತ್ತರಕ್ಕೆ ಹೋಯಿತೋ ಆ ಒಂದು ಜಾಗವೇ ಬಿಲ್. ಪೀಕ್ ಹಗಲು 12ಕ್ಕೆ ಇದೆ ಅಂದುಕೊಳ್ಳಿ. ರಾತ್ರಿ 2ರ ಬ್ಯಾಚ್ ಅನ್ನು ಪೂರ್ತಿ ಝಿಪ್‌ಗೆ ಎತ್ತಿ ಹಾಕಿದರೂ ಬಿಲ್ ಒಂದು ರೇಖೆಯೂ ಇಳಿಯುವುದಿಲ್ಲ. ಒಪ್ಪಂದ ಮುರಿದ ಭಯ ಮಾತ್ರ ಉಳಿಯುತ್ತದೆ. ಹೊಸ ಟೇಲರ್ಡ್ ಫಿಟ್ ಥರದ್ದಾದರೆ ಲೆಕ್ಕ ಬೇರೆ, ಅಲ್ಲಿ ಬಳಸಿದ ಪ್ರತಿ ಎಂಎಸ್‌ಯು ಎಣಿಸುತ್ತಾರೆ.

ಇನ್ನು ಝಿಪ್ ತುಂಬುವ ವಿಷಯ. ಇದು ನನ್ನದೇ ತಪ್ಪಿನ ಕಥೆ. ಆಗ ನಮ್ಮಲ್ಲೂ ಒಂದೇ ಝಿಪ್ ಇತ್ತು. ಸಿಕ್ಕಿದ್ದನ್ನೆಲ್ಲ, ಎಲ್ಲವೂ ಅರ್ಹ ಕೆಲಸವೇ, ಅದರ ಮೇಲೆ ಹೇರಿದೆ. ಜಾವಾ, ದೂರದಿಂದ ಬರುವ ಡಿಆರ್‌ಡಿಎ ಕ್ವೆರಿಗಳು, ಯುಟಿಲಿಟಿಗಳು. 90 ಪರ್ಸೆಂಟ್ ದಾಟಿತು. ದುಡ್ಡು ಉಳಿಸಿದೆ ಅಂತ ಖುಷಿಯಾಗಿದ್ದೆ.

ಬ್ಯಾಚ್ ನಿಧಾನ ಆಗತೊಡಗಿತು. ಎಸ್‌ಕ್ಯುಎಲ್ ಬದಲಾಗಿಲ್ಲ, ಆಕ್ಸೆಸ್ ಪಾತ್ (ಡಿಬಿ2 ಡೇಟಾ ಹುಡುಕುವ ದಾರಿ) ಬದಲಾಗಿಲ್ಲ. ಡಿಬಿ2 ವರ್ಷನ್ 10ರಿಂದ ಪ್ರೀಫೆಚ್ ಕೂಡ ಝಿಪ್‌ಗೆ ಅರ್ಹ ಅನ್ನುವುದು ಆಗ ನನ್ನ ತಲೆಗೆ ಹೊಳೆಯಲಿಲ್ಲ. ಮುಂದೆ ಬೇಕಾಗುವ ಪುಟಗಳನ್ನು ತಂದಿಡುವ ಕೆಲಸ ಅದು. ಅದೇ ಝಿಪ್‌ನ ಸಾಲಿನಲ್ಲಿ ನಿಂತು ಕಾಯುತ್ತಿತ್ತು. ಝಿಪ್ ಕಾದು ಕಾದು ಸಾಕಾದ ಮೇಲೆ ತಾನೇ ಸಿಪಿಯ ಸಹಾಯ ಕೇಳುತ್ತದೆ. ಕೇಳುವ ಮೊದಲು ಕಾಯುವ ಹೊತ್ತು ಡೀಫಾಲ್ಟ್ ಆಗಿ 3.2 ಮಿಲಿಸೆಕೆಂಡ್. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಕೋಟಿಗಟ್ಟಲೆ ಪುಟ ಓದುವ ಬ್ಯಾಚ್‌ನಲ್ಲಿ ಲೆಕ್ಕ ಹಾಕಿ. ಸಹಾಯ ಸಿಕ್ಕಿದ ಮೇಲೆ ಆ ಕೆಲಸ ಸಿಪಿ ಮೇಲೆ ಓಡುತ್ತದೆ. ಅದಕ್ಕೆ ಬಿಲ್ ಕೂಡ.

ಸಿಸ್ಟಮ್ ಬಳಕೆ ಅಳೆಯುವ ಆರ್‌ಎಂಎಫ್‌ನ ವರ್ಕ್‌ಲೋಡ್ ರಿಪೋರ್ಟ್‌ನಲ್ಲಿ ಐಐಪಿಸಿಪಿ ಅನ್ನುವ ಸಾಲು ಇದೆ. ಝಿಪ್‌ಗೆ ಹೋಗಬೇಕಿದ್ದು ಸಿಪಿಗೆ ಚೆಲ್ಲಿದ್ದು ಎಷ್ಟು ಅಂತ ಅದು ಹೇಳುತ್ತದೆ. ಅದನ್ನು ನೋಡಿ ಬನ್ನಿ.


#22 ಹಳೇ_ಅಸೆಂಬ್ಲರ್

ಅಕ್ಕ ಹೇಳಿದ್ದು ಚಿನ್ನದಂಥ ಮಾತು. ಇರುವ ಅರ್ಹ ಕೆಲಸಕ್ಕೇ ಜಾಗ ಇಲ್ಲ, ಅನರ್ಹ ಕೆಲಸ ತುರುಕಲು ಹೊರಟಿದ್ದಾರೆ.

ಒಂದು ಸೇರಿಸುತ್ತೇನೆ. ಕೋಬಾಲ್ ಅನ್ನು ಜಾವಾ ಬೈಟ್‌ಕೋಡ್ ಮಾಡಿ ಓಡಿಸುವ ದಾರಿಯೂ ಇದೆ. ಜಾವಾ ಆದ ಮೇಲೆ ಅದು ಝಿಪ್‌ಗೆ ಅರ್ಹ. ಆದರೆ ಅದಕ್ಕೆ ಕೋಡ್ ಮುಟ್ಟಬೇಕು, ಪರೀಕ್ಷೆ ಮಾಡಬೇಕು. ಕಾಸಿಗೆ ತಕ್ಕ ಕಜ್ಜಾಯ. 17ನೇ ಸ್ಲೈಡ್ ಅದನ್ನು ಹೇಳುತ್ತಿಲ್ಲ ತಾನೇ?


#23 ಒಪ್ಪಂದ_ಓದುಗ

ಕಾರಕೂನರೇ, ಕನ್ಸಲ್ಟೆಂಟ್‌ಗೆ ಮೇಲ್ ಬರೆಯುವಾಗ ಎರಡು ವಿಷಯ ಬರಹದಲ್ಲಿ ಕೇಳಿ. ಝಿಪ್ ಬಳಸಲು ಅವರ ಟೂಲ್ ಐಬಿಎಂ ಕೊಟ್ಟ ಇಂಟರ್‌ಫೇಸ್ ಬಳಸುತ್ತದಾ, ಮತ್ತು ಅದಕ್ಕೆ ಅವರು ಐಬಿಎಂ ಜೊತೆ ಮಾಡಿಕೊಂಡ ಒಪ್ಪಂದ ಗ್ರಾಹಕರ ಸ್ವಂತ ಪ್ರೋಗ್ರಾಂ ಓಡಿಸಲು ಬಿಡುತ್ತದಾ? ನಾಳೆ ಲೈಸೆನ್ಸ್ ತಕರಾರು ಬಂದು ಹಿಂದಿನ ತಿಂಗಳುಗಳ ಬಾಕಿ ಕೇಳಿದರೆ ಆ ಪೂರ್ತಿ ಮೊತ್ತ ಅವರು ಕಟ್ಟುತ್ತಾರಾ?

ಫೋನಲ್ಲಿ ಕೇಳಬೇಡಿ. ಫೋನಲ್ಲಿ ಎಲ್ಲದಕ್ಕೂ ಹೌದು ಅಂತಾರೆ.


#24 ಮಾಡರೇಟರ್

ಇಲ್ಲಿ ಇಬ್ಬರ ಪೋಸ್ಟ್ ತೆಗೆದಿದ್ದೇನೆ. ಒಂದರಲ್ಲಿ ಟೂಲ್ ಮಾರುವ ಜಾಹೀರಾತು ಇತ್ತು. ಇನ್ನೊಂದರಲ್ಲಿ ಝಡ್‌ಪ್ರೈಮ್‌ನ ಹಳೇ ಪ್ರತಿ ನನ್ನ ಹತ್ತಿರ ಇದೆ, ಬೇಕಾ ಅಂತ ಇತ್ತು. ಬೇಡ. ದಯವಿಟ್ಟು.


#25 ಕಪಾಸಿಟಿ_ಕಾರಕೂನ

ನಾಲ್ಕು ದಿನದ ನಂತರ ಬರೆಯುತ್ತಿದ್ದೇನೆ.

ಮೊದಲು ಎಸ್‌ಸಿಆರ್‌ಟಿ. ಅಕ್ಕನಿಗೆ ಕೈ ಮುಗಿದೆ. ಹಿಂದಿನ ಆರು ತಿಂಗಳ ರಿಪೋರ್ಟ್ ತೆಗೆದೆ. ಐದರಲ್ಲಿ ಪೀಕ್ ಬೆಳಗ್ಗೆ 9ರಿಂದ ಮಧ್ಯಾಹ್ನ 1ರ ನಡುವೆ ಇದೆ. ಐದೂ ತಿಂಗಳ ಕೊನೆಯ ಕೆಲಸದ ದಿನ. ರಾತ್ರಿ ಬ್ಯಾಚ್ ಮಾತ್ರವೇ ಓಡುವ ಹೊತ್ತಿನಲ್ಲಿ ಒಂದೂ ಇಲ್ಲ.

ಬೆಳಗ್ಗೆ ಯಾಕೆ ಅಂತ ಜಾಬ್ ಲಾಗ್ ನೋಡಿದೆ. ತಿಂಗಳ ಕೊನೆಯ ಬ್ಯಾಚ್ 6ಕ್ಕೆ ಮುಗಿಯಬೇಕು. 10 ದಾಟುತ್ತಿದೆ. ಅಷ್ಟರಲ್ಲಿ ಆನ್‌ಲೈನ್ ಶುರುವಾಗಿರುತ್ತದೆ. ಎರಡೂ ಒಂದರ ಮೇಲೊಂದು ಬಿದ್ದು ಪೀಕ್ ಹುಟ್ಟುತ್ತಿದೆ.

ಆಮೇಲೆ ಐಐಪಿಸಿಪಿ. ಆ ರಾತ್ರಿಗಳಲ್ಲಿ ನಮ್ಮ ಒಂದೇ ಝಿಪ್ 2 ಗಂಟೆಯಿಂದಲೇ ತುಂಬಿ ತುಳುಕುತ್ತಿದೆ. ಚೆಲ್ಲಿದ್ದು ಸಣ್ಣದಲ್ಲ. ತಡ ಆಗಲು ಪೂರ್ತಿ ಇದೇ ಕಾರಣ ಅಂತ ಇನ್ನೂ ಹೇಳಲಾರೆ, ಇನ್ನೆರಡು ಜಾಬ್ ಟ್ರೇಸ್ ಮಾಡಬೇಕು. ಆದರೆ ಮ್ಯಾನೇಜರ್‌ಗೆ ಇನ್ನೊಂದು ಝಿಪ್ ಕೊಳ್ಳುವ ಪ್ರಸ್ತಾವ ಕಳಿಸಿದ್ದೇನೆ. ಅದರ ಮೇಲೆ ಓಡುವುದೆಲ್ಲ ಅರ್ಹ ಕೆಲಸವೇ.

ಕನ್ಸಲ್ಟೆಂಟ್‌ಗೆ ಓದುಗರು ಹೇಳಿದ ಎರಡೂ ಪ್ರಶ್ನೆ ಮೇಲ್ ಮಾಡಿದ್ದೆ. ಎರಡು ದಿನ ಸುದ್ದಿ ಇರಲಿಲ್ಲ. ಮೂರನೇ ದಿನ "ಪರಿಷ್ಕೃತ ಪ್ರೆಸೆಂಟೇಷನ್" ಅಂತ ಒಂದು ಫೈಲ್ ಬಂತು. 29 ಸ್ಲೈಡ್.


#26 ಹಳೇ_ಅಸೆಂಬ್ಲರ್

17 ಹೋಯಿತಾ?


#27 ಕಪಾಸಿಟಿ_ಕಾರಕೂನ

ಹೋಯಿತು. ಸ್ಲೈಡ್ ನಂಬರ್ ಹಾಗೇ ಬಿಟ್ಟಿದ್ದಾರೆ. 16 ಆದ ಮೇಲೆ 18.